ಪ್ರೋಟೀನ್ ಛೇದಕ ಕಿಣ್ವಗಳು: ನಿಷೇಚನ ಹಾಗೂ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಅವುಗಳ ಪಾತ್ರ

ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯ ತಯಾರಿಕೆಯಲ್ಲಿ ಹುದುಗು ಬರಿಸಲು ಬಳಸುತ್ತಿದ್ದ ದ್ರವ್ಯ. ಕನ್ನಡ ವಿಜ್ಞಾನ ಸಾಹಿತ್ಯವು ಎನ್‌ಜೈಮ್ ಎಂಬುದಕ್ಕೆ ಈ ಹಳೆಯ ಶಬ್ದವನ್ನೇ ಆರಿಸಿಕೊಂಡಿತು. ಆಯ್ಕೆ ಉಚಿತವಾದದ್ದೇ. 1870ರ ದಶಕದಲ್ಲಿ ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ವಿಲ್ಹೆಲ್ಮ್ ಕ್ಯೂನೆ ಅವರು ಗ್ರೀಕ್ ಮೂಲದಿಂದ ಎನ್‌ಜೈಮ್ ಎಂಬ ಪದವನ್ನು ರೂಪಿಸಿದಾಗ ಅದಕ್ಕೆ ಅವರು ಇಟ್ಟುಕೊಂಡ ಅರ್ಥವೂ ಹುದುಗಿನಲ್ಲಿರುವಂಥದ್ದು ಎಂದೇ. ಮೇದೋಜ್ಜೀರಕ ರಸದಲ್ಲಿದ್ದು ಪ್ರೋಟೀನನ್ನು ಕರಗಿಸುವ ಅಂಶಕ್ಕೆ ಟ್ರಿಪ್ಸಿನ್ ಎಂದು ಹೆಸರಿತ್ತವರೂ ಅವರೇ.

ಅಮೈನೋ ಆಮ್ಲಗಳು ಒಂದಕ್ಕೊಂದು ಕೊಂಡಿ ಬೆಸೆದುಕೊಂಡು ಆದ ಸರಪಳಿಯೇ ಪ್ರೋಟೀನು. ನೀರಿನ ಅಣುವೊಂದನ್ನು ಸೇರಿಸಿ ಆ ಕೊಂಡಿಯನ್ನು ಬಿಡಿಸುವ ಕಿಣ್ವಗಳಿಗೆ ಪ್ರೋಟೀನ್ ಛೇದಕ ಕಿಣ್ವಗಳು ಅಥವಾ ಪ್ರೋಟಿಯೇಸುಗಳು ಎಂದು ಹೆಸರು. ಮಾನವನ ಜೀನೋಮಿನಲ್ಲಿ ಇಂಥವನ್ನು ಸಂಕೇತಿಸುವ ಜೀನುಗಳು 550ಕ್ಕೂ ಹೆಚ್ಚು. ಬೀದರ ನಗರದ ಅಡುಗೆಮನೆಗಳಲ್ಲಿ ಕಬಾಬಿನ ಮಾಂಸವನ್ನು ಮೆತ್ತಗಾಗಿಸಲು ಹಸಿ ಪಪ್ಪಾಯಿಯನ್ನು ಅರೆದು ಹಚ್ಚುವ ರೂಢಿಯುಂಟು; ಅಲ್ಲಿ ಕೆಲಸ ಮಾಡುವುದು ಪಪೇಯಿನ್ ಎಂಬ ಛೇದಕ ಕಿಣ್ವ. ಹೊತ್ತು ಮೀರಿ ಹಾಗೆಯೇ ಬಿಟ್ಟರೆ ಮಾಂಸದ ಎಳೆಗಳೆಲ್ಲ ಕಳಚಿ ಅದು ಮುದ್ದೆಯಾಗುತ್ತದೆಂಬುದೂ ಅಡುಗೆಯವರಿಗೆ ಗೊತ್ತು. ಕತ್ತರಿಸುವ ಕಿಣ್ವಕ್ಕೆ ಎಲ್ಲಿ ನಿಲ್ಲಿಸಬೇಕೆಂಬ ತಿಳಿವಿಲ್ಲ. ಹಾಗಾದರೆ ಸ್ವತಃ ಪ್ರೋಟೀನಿನಿಂದಲೇ ಕಟ್ಟಲ್ಪಟ್ಟ ದೇಹವು ಇಂಥ ನೂರಾರು ಕಿಣ್ವಗಳನ್ನು ಒಳಗಿಟ್ಟುಕೊಂಡು ಹೇಗೆ ಉಳಿದಿದೆ?

ಅದಕ್ಕೆ ಕಾರಣ ಮೂರು ಬಗೆಯ ನಿಯಂತ್ರಣ. ಮೊದಲನೆಯದಾಗಿ, ಇವುಗಳಲ್ಲಿ ಬಹುಪಾಲು ಕಿಣ್ವಗಳು ಹುಟ್ಟುವಾಗ ನಿಷ್ಕ್ರಿಯವಾಗಿರುತ್ತವೆ. ಟ್ರಿಪ್ಸಿನ್ ಮೇದೋಜ್ಜೀರಕದಲ್ಲಿ ಟ್ರಿಪ್ಸಿನೋಜನ್ ರೂಪದಲ್ಲಿದ್ದು, ಸಣ್ಣ ಕರುಳನ್ನು ತಲುಪಿ, ಅಲ್ಲಿನ ಮತ್ತೊಂದು ಕಿಣ್ವವು ಅದರ ತುದಿಯನ್ನು ಕತ್ತರಿಸಿದ ಮೇಲೆಯೇ ಸಕ್ರಿಯವಾಗುತ್ತದೆ. ಎರಡನೆಯದಾಗಿ, ಪ್ರತಿಯೊಂದಕ್ಕೂ ಅದನ್ನು ಹಿಡಿದು ನಿಲ್ಲಿಸುವ ಪ್ರತಿಬಂಧಕ ಪ್ರೋಟೀನುಗಳು ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಇವೆ. ಮೂರನೆಯದು ಸ್ಥಳ: ಪೊರೆಯ ಚೀಲದೊಳಗೋ ಕೋಶದ ಒಂದು ಮೂಲೆಯಲ್ಲೋ ಅದನ್ನು ಬಂಧಿಸಿಡುವುದು. ನಿಷೇಚನದಲ್ಲಿಯೂ ಕ್ಯಾನ್ಸರಿನಲ್ಲಿಯೂ ಕೆಲಸ ಮಾಡುವ ಕಿಣ್ವಗಳು ಬಹಳಮಟ್ಟಿಗೆ ಒಂದೇ ಕುಟುಂಬಗಳಿಗೆ ಸೇರಿದವು. ವ್ಯತ್ಯಾಸವಿರುವುದು ಕಿಣ್ವದಲ್ಲಲ್ಲ, ನಿಯಂತ್ರಣದಲ್ಲಿ. ಚಿಕಿತ್ಸೆಯ ಯಾವ ಮಾರ್ಗ ಫಲಿಸಿತು, ಯಾವುದು ಸೋತಿತು ಎಂಬುದೂ ಇದರಿಂದಲೇ ಅರ್ಥವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಈ ವಿಷಯವನ್ನು ಬೀದರ ಸೀಮೆಯಿಂದ ನೋಡಲು ಎರಡು ಕಾರಣಗಳಿವೆ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳು ದೇವಣಿ ಗೋತಳಿಯ ನೆಲೆ. ನೆರೆಯ ಲಾತೂರ ಜಿಲ್ಲೆಯ ದೇವಣಿ ಗ್ರಾಮದಿಂದ ಹೆಸರು ಪಡೆದ ಈ ತಳಿಯ ಸಂವರ್ಧನೆಗಾಗಿ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ಸಂಶೋಧನಾ ಕೇಂದ್ರವಿದೆ. 2004ರ ಕಾಯ್ದೆಯಂತೆ ಸ್ಥಾಪಿತವಾದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರ ನಗರದ ನಂದಿನಗರದಲ್ಲಿದೆ. ಹಸು ಗಬ್ಬವಾಗುವುದು, ಕರು ಹಾಕುವುದು, ಮಾಸು ಬೀಳುವುದು, ಇವೆಲ್ಲ ಇಲ್ಲಿ ರೈತನ ನಿತ್ಯದ ಆರ್ಥಿಕ ಸಂಗತಿಗಳು. ಎರಡನೆಯ ಕಾರಣ ಇಲ್ಲಿನ ಮುಂಗಾರು ಹೊಲಗಳಲ್ಲಿ ತೊಗರಿ, ಉದ್ದು, ಹೆಸರಿನೊಡನೆ ವಿಸ್ತಾರವಾಗಿ ಬೆಳೆಯುವ ಸೋಯಾ ಅವರೆ. ಅದರ ಪ್ರಸ್ತಾಪ ಮುಂದೆ ಬರುತ್ತದೆ.

ವೀರ್ಯಾಣು ಮತ್ತು ಅಂಡಾಣು

ಸಸ್ತನಿಗಳ ಅಂಡಾಣುವಿನ ಸುತ್ತ ಗ್ಲೈಕೋಪ್ರೋಟೀನಿನಿಂದಾದ ಪಾರದರ್ಶಕ ಕವಚವಿದೆ. ವೀರ್ಯಾಣುವಿನ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಆಕ್ರೋಸೋಮ್ ಎಂಬ ಚೀಲದಲ್ಲಿ ಟ್ರಿಪ್ಸಿನ್ನನ್ನು ಹೋಲುವ ಆಕ್ರೋಸಿನ್ ಎಂಬ ಕಿಣ್ವವು ನಿಷ್ಕ್ರಿಯ ರೂಪದಲ್ಲಿರುತ್ತದೆ. ಸಕಾಲದಲ್ಲಿ ಚೀಲವೊಡೆದು, ಕಿಣ್ವ ಸಕ್ರಿಯಗೊಂಡು, ಕವಚದಲ್ಲಿ ದಾರಿ ತೆರೆಯುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿಕೊಂಡು ಬಂದವು. 1994ರಲ್ಲಿ ಜಪಾನಿನ ವಿಜ್ಞಾನಿಗಳು ಆಕ್ರೋಸಿನ್ ಇಲ್ಲದ ಇಲಿಗಳನ್ನು ಸೃಷ್ಟಿಸಿದಾಗ ಈ ನಂಬಿಕೆ ಅಲುಗಿತು: ಆ ಗಂಡಿಲಿಗಳು ತುಸು ನಿಧಾನವಾಗಿಯಾದರೂ ಸಂತಾನ ಪಡೆದವು. ಆಕ್ರೋಸಿನ್ ಅನಗತ್ಯವೆಂದು ಅನೇಕರು ತೀರ್ಮಾನಿಸಿದರು. ಆದರೆ 2020ರಲ್ಲಿ ಹ್ಯಾಮ್‌ಸ್ಟರ್‌ಗಳಲ್ಲಿ ಅದೇ ಪ್ರಯೋಗ ನಡೆದಾಗ ಗಂಡುಗಳು ಪೂರ್ಣವಾಗಿ ಬಂಜೆಯಾದವು. ಅವುಗಳ ವೀರ್ಯಾಣುಗಳು ಕವಚಕ್ಕೆ ಅಂಟಿಕೊಂಡರೂ ಒಳನುಗ್ಗಲಾರದೆ ಹೋದವು. ಇಲಿಯಲ್ಲಿ ಕಂಡದ್ದನ್ನು ಎಲ್ಲ ಸಸ್ತನಿಗಳಿಗೂ ಅನ್ವಯಿಸುವ ಅಭ್ಯಾಸಕ್ಕೆ ಇದೊಂದು ಒಳ್ಳೆಯ ಎಚ್ಚರಿಕೆ.

ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ಕಡ್ಡಿಯನ್ನು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಂಗ್ರಹಿಸಿರುತ್ತಾರೆ. ಘನೀಕರಿಸುವಾಗಲೂ ಕರಗಿಸುವಾಗಲೂ ಮೊದಲು ಪೆಟ್ಟು ತಿನ್ನುವ ಭಾಗಗಳಲ್ಲಿ ಆಕ್ರೋಸೋಮಿನ ಪೊರೆಯೂ ಒಂದು. ಪೊರೆ ಹರಿದು ಕಿಣ್ವ ಅಕಾಲದಲ್ಲಿ ಸೋರಿಹೋದರೆ, ಸೂಕ್ಷ್ಮದರ್ಶಕದಡಿ ಚುರುಕಾಗಿ ಈಜುತ್ತಿರುವ ವೀರ್ಯಾಣುವೂ ಅಂಡಾಣುವಿನ ಬಳಿ ನಿರುಪಯುಕ್ತ. ಆದ್ದರಿಂದಲೇ ಹೋರಿಯ ವೀರ್ಯದ ಗುಣಮಟ್ಟವನ್ನು ಅಳೆಯುವಾಗ ಚಲನೆಯೊಂದನ್ನೇ ನೋಡದೆ ಆಕ್ರೋಸೋಮ್ ಅಖಂಡವಾಗಿದೆಯೇ ಎಂಬುದನ್ನೂ ಪರೀಕ್ಷಿಸುತ್ತಾರೆ. ಕಡ್ಡಿಯನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಕರಗಿಸಬೇಕೆಂಬ ನಿಯಮವನ್ನು ಅವಸರದಲ್ಲಿ ಅಂಗೈಯಲ್ಲಿ ಉಜ್ಜಿ ಮುಗಿಸುವವರು ಈ ಪೊರೆಯನ್ನು ಮರೆತಿರುತ್ತಾರೆ.

ಅಂಡಾಣುವಿನ ಬಳಿಯೂ ತನ್ನದೇ ಛೇದಕ ಕಿಣ್ವವುಂಟು. ಒಂದು ವೀರ್ಯಾಣು ಒಳಹೊಕ್ಕ ಕೂಡಲೇ ಅಂಡಾಣು ತನ್ನ ಅಂಚಿನ ಕಣಗಳಿಂದ ಓವಾಸ್ಟಸಿನ್ ಎಂಬ ಕಿಣ್ವವನ್ನು ಹೊರಚೆಲ್ಲುತ್ತದೆ. ಅದು ಕವಚದ ಒಂದು ಪ್ರೋಟೀನನ್ನು ನಿರ್ದಿಷ್ಟ ಸ್ಥಳದಲ್ಲಿ ತುಂಡರಿಸಿ, ಉಳಿದ ವೀರ್ಯಾಣುಗಳು ಅಂಟದಂತೆ ಮಾಡುತ್ತದೆ. 2012ರಲ್ಲಿ ಇದು ಖಚಿತವಾಯಿತು. ಮರುವರ್ಷ ಪ್ರಕಟವಾದ ಸಂಶೋಧನೆ ಇನ್ನೂ ಸ್ವಾರಸ್ಯಕರ. ಯಕೃತ್ತಿನಲ್ಲಿ ತಯಾರಾಗಿ ರಕ್ತದ ಮೂಲಕ ಅಂಡಾಶಯ ಸೇರುವ ಫೆಟುಯಿನ್-ಬಿ ಎಂಬ ಪ್ರತಿಬಂಧಕವು ಇಲ್ಲದ ಹೆಣ್ಣಿಲಿಗಳು ಬಂಜೆಯಾಗಿದ್ದವು. ಅಲ್ಪ ಪ್ರಮಾಣದಲ್ಲಿ ಮುಂಚಿತವಾಗಿ ಸೋರಿದ ಓವಾಸ್ಟಸಿನ್ನನ್ನು ತಡೆಯುವವರಿಲ್ಲದೆ, ವೀರ್ಯಾಣು ಬರುವ ಮೊದಲೇ ಕವಚ ಗಟ್ಟಿಯಾಗಿಬಿಟ್ಟಿತ್ತು. ಕಿಣ್ವದ ಅಭಾವದಿಂದಲ್ಲ, ಅದರ ಪ್ರತಿಬಂಧಕದ ಅಭಾವದಿಂದ ಬಂಜೆತನ ಬಂದ ಉದಾಹರಣೆಯಿದು.

ಮನುಷ್ಯನಲ್ಲಿ ಮತ್ತೊಂದು ಸಂಗತಿ ಇದೆ. ಸ್ಖಲನದ ಕೂಡಲೇ ವೀರ್ಯವು ಹೆಪ್ಪುಗಟ್ಟಿದಂತಾಗಿ, ಸುಮಾರು 20–30 ನಿಮಿಷಗಳಲ್ಲಿ ಮತ್ತೆ ತೆಳುವಾಗುತ್ತದೆ. ಹೆಪ್ಪಿಗೆ ಕಾರಣವಾದ ಸೆಮೆನೊಜೆಲಿನ್ ಪ್ರೋಟೀನನ್ನು ಕತ್ತರಿಸಿ ವೀರ್ಯಾಣುಗಳನ್ನು ಬಿಡುಗಡೆ ಮಾಡುವ ಕಿಣ್ವ ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ. ಹೋರಿಯ ವೀರ್ಯ ಹೀಗೆ ಹೆಪ್ಪುಗಟ್ಟುವುದಿಲ್ಲ. ಈ ಕಿಣ್ವದ ಹೆಸರನ್ನು ಓದುಗರು ಬೇರೆ ಸಂದರ್ಭದಲ್ಲಿ ಕೇಳಿಯೇ ಇರುತ್ತಾರೆ: ಪಿಎಸ್‌ಎ. ವಯಸ್ಸಾದ ಪುರುಷರಿಗೆ ವೈದ್ಯರು ಬರೆದುಕೊಡುವ ಪ್ರಾಸ್ಟೇಟ್ ಕ್ಯಾನ್ಸರಿನ ರಕ್ತಪರೀಕ್ಷೆಯಲ್ಲಿ ಅಳೆಯುವುದು ನಿಷೇಚನಕ್ಕೆಂದು ತಯಾರಾದ ಇದೇ ಛೇದಕ ಕಿಣ್ವವನ್ನು. ಗ್ರಂಥಿಯ ಅಂಗಾಂಶ ಕೆಟ್ಟಾಗ ಅದು ವೀರ್ಯದ ನಾಳಕ್ಕೆ ಹೋಗುವ ಬದಲು ರಕ್ತಕ್ಕೆ ಸೋರುತ್ತದೆ. ರಕ್ತದಲ್ಲಿ ಅದರ ಬಹುಭಾಗವನ್ನು ಪ್ರತಿಬಂಧಕ ಪ್ರೋಟೀನೊಂದು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾನ್ಸರಿನಲ್ಲಿ ಹೀಗೆ ಬಂಧಿತವಾದ ಪಾಲು ಹೆಚ್ಚು, ಮುಕ್ತವಾದ ಪಾಲು ಕಡಿಮೆ ಎಂಬುದು 1990ರ ದಶಕದ ಆರಂಭದಲ್ಲಿ ತಿಳಿಯಿತು. ಆದರೆ ಗ್ರಂಥಿಯ ಸಾಧಾರಣ ಊತದಲ್ಲಿಯೂ ಸೋಂಕಿನಲ್ಲಿಯೂ ಪಿಎಸ್‌ಎ ಏರುವುದರಿಂದ, ಅಂಕಿಯೊಂದನ್ನೇ ನೋಡಿ ಕ್ಯಾನ್ಸರ್ ಎಂದು ಗಾಬರಿಗೊಳ್ಳುವುದು ಸಲ್ಲದು.

ಮಾಸು ಮತ್ತು ಅರ್ಬುದ

ನಿಷೇಚಿತ ಅಂಡಾಣು ಗರ್ಭಕೋಶದಲ್ಲಿ ನೆಲೆಗೊಳ್ಳುವ ಘಟ್ಟದಲ್ಲಿ ಸಾದೃಶ್ಯ ಇನ್ನಷ್ಟು ನಿಚ್ಚಳವಾಗುತ್ತದೆ. ಮಾನವ ಭ್ರೂಣದ ಹೊರಪದರದ ಕೋಶಗಳು ಛೇದಕ ಕಿಣ್ವಗಳ ನೆರವಿನಿಂದ ಗರ್ಭಕೋಶದ ಗೋಡೆಯನ್ನು ಕೊರೆದು, ತಾಯಿಯ ರಕ್ತನಾಳಗಳನ್ನೇ ಪ್ರವೇಶಿಸುತ್ತವೆ. ಎಡಿನ್‌ಬರೊ ವಿಶ್ವವಿದ್ಯಾಲಯದ ಭ್ರೂಣಶಾಸ್ತ್ರಜ್ಞ ಜಾನ್ ಬಿಯರ್ಡ್ ಅವರು 1902ರಲ್ಲಿಯೇ ಈ ಕೋಶಗಳ ನಡವಳಿಕೆ ಕ್ಯಾನ್ಸರನ್ನು ಹೋಲುತ್ತದೆಂದು ಗುರುತಿಸಿದ್ದರು. ವ್ಯತ್ಯಾಸವೆಂದರೆ ಭ್ರೂಣದ ಕೋಶಗಳು ಒಂದು ಹಂತದಲ್ಲಿ ನಿಲ್ಲುತ್ತವೆ.

ಹಸುವಿನಲ್ಲಿ ಕೊರೆತವೇ ಇಲ್ಲ. ಅದರ ಮಾಸು ಗರ್ಭಕೋಶದ ಒಳಪದರಕ್ಕೆ ಸುಮಾರು ನೂರು ಗುಂಡಿಗಳಂಥ ಸ್ಥಳಗಳಲ್ಲಿ ಮೇಲ್ಮೇಲೆ ಹೆಣೆದುಕೊಳ್ಳುತ್ತದೆಯೇ ಹೊರತು ಆಳಕ್ಕಿಳಿಯುವುದಿಲ್ಲ. ಹಸುವಿನ ಮಾಸಿನ ಕೋಶಗಳು ಹೊರಬಿಡುವ ಗರ್ಭಸಂಬಂಧಿ ಗ್ಲೈಕೋಪ್ರೋಟೀನುಗಳ ವಿಚಾರ ಇಲ್ಲಿ ಹೇಳತಕ್ಕದ್ದು. ಅವು ಜಠರದ ಪೆಪ್ಸಿನ್ನಿನ ಬಳಗಕ್ಕೆ ಸೇರಿದವು. ಆದರೆ ವಿಕಾಸದ ಹಾದಿಯಲ್ಲಿ ಬಹುತೇಕ ಸದಸ್ಯರು ಕತ್ತರಿಸುವ ಶಕ್ತಿಯನ್ನು ಕಳೆದುಕೊಂಡಿವೆ. ಅಲಗಿಲ್ಲದ ಈ ಕತ್ತಿಗಳನ್ನು ತಾಯಿಯ ರಕ್ತದಲ್ಲಿಯೋ ಹಾಲಿನಲ್ಲಿಯೋ ಪತ್ತೆಮಾಡಿ, ಗರ್ಭಧಾರಣೆಯಾದ ಸುಮಾರು 28 ದಿನಗಳಿಗೇ ಹಸು ಗಬ್ಬವಾಗಿದೆಯೇ ಎಂದು ತಿಳಿಯುವ ಪರೀಕ್ಷೆಗಳು ಈಗ ಬಳಕೆಯಲ್ಲಿವೆ.

ಕ್ಯಾನ್ಸರ್ ಗಡ್ಡೆಯೊಂದು ಹುಟ್ಟಿದ ಜಾಗದಲ್ಲೇ ಇದ್ದರೆ ಶಸ್ತ್ರಚಿಕಿತ್ಸೆಗೆ ದಕ್ಕುತ್ತದೆ. ಅದು ಪ್ರಾಣಾಂತಿಕವಾಗುವುದು ಹೆಚ್ಚಾಗಿ ಹರಡಿದಾಗ. ಹರಡಲು ಕೋಶಗಳು ಸುತ್ತಣ ಕೊಲಾಜೆನ್ ಜಾಲವನ್ನು ಕತ್ತರಿಸಬೇಕು. ಆ ಕೆಲಸದಲ್ಲಿ ತೊಡಗುವ ಸತುವಿನ ಪರಮಾಣುವುಳ್ಳ ಮೆಟಲ್ಲೊಪ್ರೋಟಿಯೇಸುಗಳ ಮೊದಲ ಸದಸ್ಯವನ್ನು 1962ರಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಾಪಿಯೆರ್ ಅವರು ಗುರುತಿಸಿದ್ದು ಕ್ಯಾನ್ಸರಿನಲ್ಲಲ್ಲ, ಕಪ್ಪೆಯಾಗುತ್ತಿರುವ ಗೊದಮೊಟ್ಟೆಯ ಕರಗುವ ಬಾಲದಲ್ಲಿ.

ಇಲ್ಲಿ ಸಹಜವಾಗಿ ಏಳುವ ಪ್ರಶ್ನೆ: ಮಾಸು ಆಳಕ್ಕಿಳಿಯದ ಪ್ರಾಣಿಗಳಲ್ಲಿ ಕ್ಯಾನ್ಸರ್ ಹರಡುವುದೂ ಕಡಿಮೆಯೇ? ಹಸು, ಕುದುರೆಗಳಲ್ಲಿ ಮೆಲನೋಮ ಗಡ್ಡೆಗಳು ಬಹುಮಟ್ಟಿಗೆ ಸೌಮ್ಯವಾಗಿಯೇ ಉಳಿಯುತ್ತವೆ ಎಂಬುದು ಪಶುವೈದ್ಯರ ಅನುಭವ. ಅಮೆರಿಕದ ಕನೆಕ್ಟಿಕಟ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸುವಿನ ಸಂಯೋಜಕ ಅಂಗಾಂಶದ ಕೋಶಗಳು ಆಕ್ರಮಣವನ್ನು ಮಾನವ ಕೋಶಗಳಿಗಿಂತ ಬಲವಾಗಿ ತಡೆಯುತ್ತವೆಂದೂ, ಮಾನವ ಕೋಶಗಳಲ್ಲಿ ಕೆಲವು ಜೀನುಗಳ ಅಭಿವ್ಯಕ್ತಿಯನ್ನು ತಗ್ಗಿಸಿದರೆ ಅವೂ ಹಸುವಿನವುಗಳಂತೆ ಪ್ರತಿರೋಧ ತೋರುತ್ತವೆಂದೂ ತೋರಿಸಿಕೊಟ್ಟರು. ಕತ್ತರಿಸುವವನ ಕೈಯಷ್ಟೇ ಅಲ್ಲ, ಕತ್ತರಿಸಿಕೊಳ್ಳುವ ನೆಲವೂ ಮುಖ್ಯವೆಂಬುದು ಇದರ ತಾತ್ಪರ್ಯ. ಆದರೂ ಈ ವಾದವನ್ನು ಅತಿಯಾಗಿ ಎಳೆಯಬಾರದು. ಭಾರತದ ಎತ್ತುಗಳಲ್ಲಿ ಕಾಣುವ ಕೋಡಿನ ಕ್ಯಾನ್ಸರ್ ದೂರದ ಅಂಗಗಳಿಗೆ ಹರಡುವುದು ವಿರಳವಾದರೂ, ಕೋಡಿನ ತಿರುಳನ್ನೂ ಹಣೆಯ ಎಲುಬಿನ ಕುಹರವನ್ನೂ ನಿರ್ದಯವಾಗಿ ತಿನ್ನುತ್ತದೆ. ಅಂಥ ಎತ್ತಿನ ಬಳಿ ನಿಂತವರಾರೂ ಗೋವಿಗೆ ಕ್ಯಾನ್ಸರಿನಿಂದ ವಿನಾಯಿತಿಯಿದೆ ಎನ್ನಲಾರರು.

ಚಿಕಿತ್ಸೆಯ ಪ್ರಯತ್ನಗಳು

ಬಿಯರ್ಡ್ ಅವರ ನಿರೀಕ್ಷಣೆ ಸರಿಯಿತ್ತು. ಅದರಿಂದ ಅವರು ಎಳೆದ ನಿರ್ಣಯ ದಾರಿ ತಪ್ಪಿತು. ಭ್ರೂಣದ ಮೇದೋಜ್ಜೀರಕ ಗ್ರಂಥಿ ಕೆಲಸ ಆರಂಭಿಸುವ ಹೊತ್ತಿಗೆ ಮಾಸಿನ ಕೊರೆತ ತಗ್ಗುವುದನ್ನು ಕಂಡು, ಆ ಗ್ರಂಥಿಯ ಕಿಣ್ವಗಳೇ ಕ್ಯಾನ್ಸರಿಗೂ ಮದ್ದೆಂದು ಭಾವಿಸಿ, 1911ರಲ್ಲಿ ಈ ಕುರಿತು ಗ್ರಂಥವನ್ನೇ ಬರೆದರು. ಅಂದಿನ ಪ್ರಯೋಗಗಳು ನಿರಾಶೆ ತಂದವು, ವಿಚಾರ ಮಾತ್ರ ಸಾಯಲಿಲ್ಲ. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ನೆರವಿನಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೇದೋಜ್ಜೀರಕದ ಕ್ಯಾನ್ಸರ್ ರೋಗಿಗಳ ಮೇಲೆ ಇದರ ಪರೀಕ್ಷೆ ಆರಂಭವಾಯಿತು. ರೋಗಿಗಳೇ ಚಿಕಿತ್ಸೆಯನ್ನು ಆಯ್ದುಕೊಂಡರು: 23 ಮಂದಿ ರಾಸಾಯನಿಕ ಚಿಕಿತ್ಸೆಯನ್ನು, 32 ಮಂದಿ ಕಿಣ್ವದ ಮಾತ್ರೆಗಳು, ಪಥ್ಯ ಮೊದಲಾದವನ್ನೊಳಗೊಂಡ ಕ್ರಮವನ್ನು. 2009ರಲ್ಲಿ ಫಲಿತಾಂಶ ಹೊರಬಂತು. ಬದುಕುಳಿದ ಅವಧಿಯ ಮಧ್ಯಾಂಕ ಮೊದಲ ಗುಂಪಿನಲ್ಲಿ 14 ತಿಂಗಳು, ಕಿಣ್ವದ ಗುಂಪಿನಲ್ಲಿ 4.3 ತಿಂಗಳು. ಚೀಟಿಯೆತ್ತಿ ಗುಂಪು ಮಾಡದಿದ್ದುದು ಈ ಅಧ್ಯಯನದ ಕೊರತೆ ನಿಜ. ಆದರೂ ಇಷ್ಟು ದೊಡ್ಡ ಅಂತರವನ್ನು ಆ ಕೊರತೆಯೊಂದರಿಂದಲೇ ವಿವರಿಸುವುದು ಕಷ್ಟ.

ಹೀಗಾಗಲು ಕಾರಣ ಮೊದಲೇ ಹೇಳಿದ ನಿಯಂತ್ರಣದಲ್ಲಿದೆ. ನುಂಗಿದ ಕಿಣ್ವ ತಾನೂ ಒಂದು ಪ್ರೋಟೀನಾದ್ದರಿಂದ ಬಹುಪಾಲು ಜೀರ್ಣವಾಗಿಹೋಗುತ್ತದೆ. ರಕ್ತ ಸೇರಿದ ಅಲ್ಪಾಂಶವನ್ನು ಆಲ್ಫಾ-2 ಮ್ಯಾಕ್ರೊಗ್ಲಾಬ್ಯುಲಿನ್ ಎಂಬ ದೊಡ್ಡ ಪ್ರೋಟೀನು ಇಲಿಬೋನಿನಂತೆ ಒಳಗೆ ಸಿಕ್ಕಿಸಿಕೊಳ್ಳುತ್ತದೆ. ಒಂದು ವೇಳೆ ಗಡ್ಡೆಯನ್ನು ತಲುಪಿದರೂ, ಅಲ್ಲಿ ಈಗಾಗಲೇ ಅತಿಯಾಗಿರುವುದು ಕತ್ತರಿಸುವಿಕೆಯೇ! ಊತಕ್ಕೆಂದು ವೈದ್ಯರು ಕೊಡುವ ಟ್ರಿಪ್ಸಿನ್–ಕೈಮೊಟ್ರಿಪ್ಸಿನ್ ಮಾತ್ರೆಯೇ ಆಗಲಿ, ಪಪ್ಪಾಯಿ ಎಲೆಯ ರಸವೇ ಆಗಲಿ ಗಡ್ಡೆಯನ್ನು ಕರಗಿಸುತ್ತದೆಂದು ನಂಬಿ, ಕಲಬುರಗಿಗೋ ಹೈದರಾಬಾದಿಗೋ ಹೋಗಬೇಕಾದ ರೋಗಿಯನ್ನು ತಿಂಗಳುಗಟ್ಟಲೆ ಮನೆಯಲ್ಲಿ ಉಳಿಸಿಕೊಂಡರೆ, ಕಳೆದುಹೋಗುವುದು ಗಡ್ಡೆ ಹರಡುವ ಮುನ್ನಿನ ಅಮೂಲ್ಯ ಅವಧಿ. ಬಾಲ್ಯದ ರಕ್ತಕ್ಯಾನ್ಸರಿನಲ್ಲಿ ನಿಜಕ್ಕೂ ಉಪಯುಕ್ತವಾದ ಆಸ್ಪರಜಿನೇಸ್ ಎಂಬ ಕಿಣ್ವವಿದೆ. ಆದರೆ ಅದು ಪ್ರೋಟೀನನ್ನು ಕತ್ತರಿಸುವುದಿಲ್ಲ. ರಕ್ತದಲ್ಲಿನ ಒಂದು ಅಮೈನೋ ಆಮ್ಲವನ್ನು ಒಡೆದು ಕ್ಯಾನ್ಸರ್ ಕೋಶಗಳಿಗೆ ಅದು ಸಿಗದಂತೆ ಮಾಡುತ್ತದೆ. ಇವೆರಡನ್ನೂ ಒಂದೇ ಎಂದು ಹೇಳಿ ಮಾತ್ರೆ ಮಾರುವವರುಂಟು.

ಕಿಣ್ವವನ್ನು ತಡೆಯುವ ಮಾರ್ಗವೂ ಸುಲಭವಾಗಲಿಲ್ಲ. 1990ರ ದಶಕದಲ್ಲಿ ಮೆಟಲ್ಲೊಪ್ರೋಟಿಯೇಸುಗಳನ್ನೆಲ್ಲ ಒಟ್ಟಿಗೆ ತಡೆಯುವ ಮರಿಮಾಸ್ಟಾಟ್ ಮುಂತಾದ ಔಷಧಗಳ ಮೇಲೆ ಅಪಾರ ನಿರೀಕ್ಷೆಯಿತ್ತು. ರೋಗಿಗಳಿಗೆ ಕೀಲುಗಳಲ್ಲಿ ತೀವ್ರ ನೋವು ಬಂತು, ಆಯುಷ್ಯ ಹೆಚ್ಚಲಿಲ್ಲ. ಈ ಬಳಗದ ಎಲ್ಲ ಸದಸ್ಯರೂ ಕ್ಯಾನ್ಸರಿನ ಪಕ್ಷಪಾತಿಗಳಲ್ಲವೆಂಬುದು ಆಮೇಲೆ ತಿಳಿಯಿತು: ಎಂಟನೆಯ ಮೆಟಲ್ಲೊಪ್ರೋಟಿಯೇಸ್ ಇಲ್ಲದ ಗಂಡಿಲಿಗಳಲ್ಲಿ ಚರ್ಮದ ಗಡ್ಡೆಗಳು ಕಡಿಮೆಯಾಗುವ ಬದಲು ಹೆಚ್ಚಾದವೆಂದು 2003ರಲ್ಲಿ ವರದಿಯಾಯಿತು.

ಈಗ ಸೋಯಾ ಅವರೆಯ ಮಾತು. ದ್ವಿದಳ ಧಾನ್ಯಗಳು ಕೀಟಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಬೀಜದಲ್ಲಿ ಛೇದಕ ಕಿಣ್ವಗಳ ಪ್ರತಿಬಂಧಕಗಳನ್ನು ತುಂಬಿಕೊಂಡಿರುತ್ತವೆ. ಹಸಿ ಸೋಯಾವನ್ನು ಕೋಳಿಗೆ ತಿನ್ನಿಸಿದರೆ ಅದು ಬೆಳೆಯದು. ಹುರಿದು ಅಥವಾ ಬೇಯಿಸಿ ಕೊಟ್ಟರೆ ಬೆಳೆಯುತ್ತದೆ. 1946ರಲ್ಲಿ ಡೊನಾಲ್ಡ್ ಬೌಮನ್ ಗುರುತಿಸಿ, ಮುಂದೆ ಇಸ್ರೇಲಿನ ಯೆಹುದಿತ್ ಬಿರ್ಕ್ ಶುದ್ಧೀಕರಿಸಿದ ಬೌಮನ್–ಬಿರ್ಕ್ ಪ್ರತಿಬಂಧಕ ಎಂಬುದು 71 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಅದಕ್ಕೆ ಎರಡು ತಲೆ: ಒಂದು ಟ್ರಿಪ್ಸಿನ್ನನ್ನು, ಮತ್ತೊಂದು ಕೈಮೊಟ್ರಿಪ್ಸಿನ್ನನ್ನು ಹಿಡಿಯುತ್ತದೆ. ಇಂಥದ್ದೇ ಇಬ್ಬಾಯಿಯ ಪ್ರತಿಬಂಧಕಗಳನ್ನು ನಮ್ಮ ಹುರುಳಿಯಲ್ಲಿ ಪ್ರತ್ಯೇಕಿಸಿ ವಿವರವಾಗಿ ಅಭ್ಯಸಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಲಲಿತಾ ಆರ್. ಗೌಡ ಮತ್ತು ಅವರ ಸಹೋದ್ಯೋಗಿಗಳು. ಕನ್ನಡ ನಾಡಿನ ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಪ್ರಚಾರ ಕನ್ನಡದಲ್ಲಿ ದೊರೆತಿಲ್ಲ. ಸೋಯಾ ಪ್ರತಿಬಂಧಕವು ಪ್ರಾಣಿಗಳಲ್ಲಿ ಕ್ಯಾನ್ಸರನ್ನು ತಡೆಯುವುದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆನ್ ಕೆನೆಡಿ ಅವರು ತೋರಿಸಿದ ಮೇಲೆ, ಅದನ್ನು ಬಾಯಿಯೊಳಗಿನ ಬಿಳಿ ಮಚ್ಚೆಯುಳ್ಳವರಿಗೆ ಕೊಟ್ಟು ನೋಡಲಾಯಿತು. ತಂಬಾಕು ಜಗಿಯುವ ನಮ್ಮ ಪ್ರದೇಶಕ್ಕೆ ಈ ಮಚ್ಚೆ ಅಪರಿಚಿತವಲ್ಲ. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. 2000ದಲ್ಲಿ ಪ್ರಕಟವಾದ ಮೊದಲ ಪರೀಕ್ಷೆಯಲ್ಲಿ 32 ಮಂದಿಯ ಪೈಕಿ ಮೂರನೆಯ ಒಂದಂಶಕ್ಕೆ ಸಮೀಪದಷ್ಟು ಜನರಲ್ಲಿ ಮಚ್ಚೆ ಕುಗ್ಗಿತು. ಆದರೆ ಹುಸಿ ಔಷಧದೊಡನೆ ಹೋಲಿಸಿ ನಡೆಸಿದ, 2013ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಎರಡೂ ಗುಂಪುಗಳು ಒಂದೇ ರೀತಿ ವರ್ತಿಸಿದವು. ಭಾಲ್ಕಿಯ ಹೊಲದ ಬೆಳೆಯಿಂದ ಕ್ಯಾನ್ಸರಿಗೆ ಅಗ್ಗದ ಮದ್ದು ದೊರೆತಿದ್ದರೆ ಈ ಲೇಖಕನಿಗಿಂತ ಹೆಚ್ಚು ಸಂತೋಷಪಡುವವರು ಯಾರು? ಪುರಾವೆ ಸದ್ಯಕ್ಕೆ ಹಾಗಿಲ್ಲ.

ಫಲಿಸಿದ ಮಾರ್ಗ ಒಂದೇ ಒಂದು ಕಿಣ್ವಯಂತ್ರವನ್ನು ಗುರಿಯಾಗಿಸಿಕೊಂಡದ್ದು. ಕೋಶದೊಳಗೆ ಹಳತಾದ, ಕೆಟ್ಟ ಪ್ರೋಟೀನುಗಳಿಗೆ ಯುಬಿಕ್ವಿಟಿನ್ ಎಂಬ ಗುರುತುಚೀಟಿ ಅಂಟಿಸಿ ಪ್ರೋಟಿಯಾಸೋಮ್ ಎಂಬ ಕೊಳವೆಯೊಳಗೆ ತಳ್ಳಲಾಗುತ್ತದೆ. ಕತ್ತರಿಸುವ ಅಲಗುಗಳೆಲ್ಲ ಆ ಕೊಳವೆಯ ಒಳಮೈಯಲ್ಲಿರುವುದರಿಂದ ಹೊರಗಿನ ಪ್ರೋಟೀನುಗಳು ಸುರಕ್ಷಿತ. ಗುರುತುಚೀಟಿಯ ಈ ವ್ಯವಸ್ಥೆಯನ್ನು ಕಂಡುಹಿಡಿದ ಆರನ್ ಚೆಕನೋವರ್, ಅವ್ರಾಮ್ ಹರ್ಷ್ಕೊ ಮತ್ತು ಇರ್ವಿನ್ ರೋಸ್ ಅವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ಸಂದಿತು. ಮಲ್ಟಿಪಲ್ ಮೈಲೋಮ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ ಕೋಶಗಳು ಪ್ರತಿಕಾಯ ಪ್ರೋಟೀನನ್ನು ಅಪಾರವಾಗಿ ತಯಾರಿಸುವುದರಿಂದ ಕಸವೂ ಅಪಾರ. ಕೊಳವೆಯನ್ನು ಕಟ್ಟಿದರೆ ಅವು ತಮ್ಮ ಕಸದಲ್ಲಿಯೇ ಉಸಿರುಗಟ್ಟುತ್ತವೆ. ಬೋರಾನ್ ಪರಮಾಣುವುಳ್ಳ ಬೋರ್ಟೆಜೊಮಿಬ್ ಎಂಬ ಔಷಧ ಮಾಡುವುದು ಇದನ್ನೇ. ಅಮೆರಿಕದಲ್ಲಿ 2003ರಲ್ಲಿ ಅನುಮತಿ ಪಡೆದ ಇದು ಭಾರತದಲ್ಲಿ ಜನರಿಕ್ ರೂಪದಲ್ಲಿಯೂ ದೊರೆಯುತ್ತದೆ. ಕೈಕಾಲುಗಳ ನರಗಳಿಗೆ ಜೋಮು, ನೋವು ತರುವುದು ಇದರ ಪ್ರಮುಖ ದೋಷ. ಆಶ್ಚರ್ಯವೆಂದರೆ ನಿಷೇಚನ ಇಲ್ಲಿಯೂ ಇಣುಕುತ್ತದೆ: ಅಸಿಡಿಯನ್ ಎಂಬ ಕಡಲಜೀವಿಯಲ್ಲಿ ಮತ್ತು ಹಂದಿಯಲ್ಲಿ ವೀರ್ಯಾಣುವಿನ ಪ್ರೋಟಿಯಾಸೋಮೇ ಅಂಡಾಣುವಿನ ಕವಚವನ್ನು ದಾಟಲು ನೆರವಾಗುತ್ತದೆಂದು ಪ್ರಯೋಗಗಳು ಸೂಚಿಸಿವೆ.

ಹೊರಗಿನಿಂದ ಕೊಟ್ಟ ಛೇದಕ ಕಿಣ್ವವೂ ಕೆಲಸಕ್ಕೆ ಬರುವುದುಂಟು, ಅದನ್ನು ಸರಿಯಾದ ಸ್ಥಳಕ್ಕೆ ತಲುಪಿಸಿದರೆ. ಔರಾದ ಕಡೆಯ ಕೊಟ್ಟಿಗೆಗಳಲ್ಲಿ ಹಸು ಕರು ಹಾಕಿತೆಂದರೆ ಮುಂದಿನ ಪ್ರಶ್ನೆ ಮಾಸು ಬಿತ್ತೇ ಎಂಬುದು. ಆರೋಗ್ಯವಂತ ಹಸುವಿನಲ್ಲಿ ಅದು ಸಾಮಾನ್ಯವಾಗಿ 12 ಗಂಟೆಗಳೊಳಗೆ ಬೀಳುತ್ತದೆ. 24 ಗಂಟೆ ಕಳೆದರೂ ಬೀಳದಿದ್ದರೆ ಕಾಯಿಲೆಯೆಂದೇ ಲೆಕ್ಕ. ಮಾಸು ಮತ್ತು ಗರ್ಭಕೋಶವನ್ನು ಬೆಸೆದ ಕೊಲಾಜೆನ್ ಎಳೆಗಳನ್ನು ಸಕಾಲದಲ್ಲಿ ಕತ್ತರಿಸಬೇಕಾದ ಕೊಲಾಜಿನೇಸ್ ಕಿಣ್ವದ ಕೊರತೆ ಇದಕ್ಕೆ ಒಂದು ಮುಖ್ಯ ಕಾರಣ. ಅಮೆರಿಕದ ಟೆನ್ನೆಸಿ ವಿಶ್ವವಿದ್ಯಾಲಯದ ಹ್ಯೂಗೊ ಐಲರ್ ಮತ್ತು ಸಂಗಡಿಗರು 1990ರ ದಶಕದಲ್ಲಿ, ಹೊರಗೆ ಜೋತುಬಿದ್ದ ಹೊಕ್ಕುಳಬಳ್ಳಿಯ ಅಪಧಮನಿಗಳ ಮೂಲಕವೇ ಬ್ಯಾಕ್ಟೀರಿಯಾ ಮೂಲದ ಕೊಲಾಜಿನೇಸ್ ದ್ರಾವಣವನ್ನು ಒಳಹರಿಸಿ ಮಾಸನ್ನು ಕಳಚಿಸುವ ವಿಧಾನವನ್ನು ರೂಪಿಸಿದರು. ಕಿಣ್ವ ತಾಯಿಯ ರಕ್ತಕ್ಕೆ ಹೋಗದೆ, ಬೆಸುಗೆಯಿರುವ ಗುಂಡಿಗಳಿಗೇ ತಲುಪುತ್ತದೆ. ಶುದ್ಧ ಕಿಣ್ವದ ಬೆಲೆ ಮತ್ತು ಅಪಧಮನಿಯನ್ನು ಹುಡುಕಿ ಸೂಜಿ ಹಾಕುವ ಶ್ರಮದಿಂದಾಗಿ ಈ ವಿಧಾನ ಕೊಟ್ಟಿಗೆಗೆ ಇಳಿದಿಲ್ಲ. ಆದಕಾರಣ ಪಶುವೈದ್ಯರು ಇಂದಿಗೂ ಹೇಳುವುದು ಮಾಸಿಗೆ ಕಲ್ಲು ಕಟ್ಟಬೇಡಿ, ಕೈ ಹಾಕಿ ಎಳೆಯಬೇಡಿ, ಜ್ವರ ಬಂದರೆ ತಡಮಾಡದೆ ಕರೆಯಿರಿ ಎಂದು. ಎಳೆದಾಗ ಹರಿಯುವುದು ಕಿಣ್ವವು ಕತ್ತರಿಸದೆ ಉಳಿಸಿದ ಎಳೆಗಳಷ್ಟೇ ಅಲ್ಲ, ಮುಂದಿನ ಕರುವಿಗೆ ಬೇಕಾದ ಗರ್ಭಕೋಶದ ಒಳಪದರವೂ.